ಗದ್ದ, ಗಂಟಲು, ಮೂಗಿನ ಕೆಳಗೆ: ಕತ್ತಿಯಲ್ಲಿ ದಾಡಿ ಮಾಡಿಕೊಳ್ಳುವಾಗ ರಕ್ತ ಬರುವುದೇಕೆ?

ಪ್ರಶ್ನೆ: ನಮಸ್ಕಾರರೀ ಕಾಕಾ. ನಾನು ಗದಗ-ಬೆಟಗೇರಿಯವನು, ವಯಸ್ಸು 27. ಮನೆಯಲ್ಲಿ ನಮ್ಮಜ್ಜನ ಹಳೆಯ ಕ್ಷೌರದ ಕತ್ತಿ ಇತ್ತು. ಸಾಣೆ ಹಿಡಿಸಿ, ಒಂದು ಚರ್ಮದ ಪಟ್ಟಿ ತಂದುಕೊಂಡು, ಕೆಲವು ತಿಂಗಳಿಂದ ಅದರಲ್ಲೇ ದಾಡಿ ಮಾಡಿಕೊಳ್ಳುತ್ತಿದ್ದೇನೆ. ಕೆನ್ನೆ ಮೇಲೆ ತೊಂದರೆ ಇಲ್ಲ, ನುಣ್ಣಗೆ ಬರುತ್ತದೆ. ಆದರೆ ಗದ್ದ, ದವಡೆಯ ಅಂಚು, ಗಂಟಲ ಉಬ್ಬು, ಮೂಗಿನ ಕೆಳಗೆ ಹೀಗೆ ಒಂದಲ್ಲ ಒಂದು ಕಡೆ ರಕ್ತ ಬಂದೇ ಬರುತ್ತದೆ. ಕೊರಳ ಮೇಲೆ ಕೆಂಪು ಗುಳ್ಳೆ ಬೇರೆ. ಕಡೆಗೆ ಪ್ಲಾಸ್ಟಿಕ್ ರೇಜರ್ ಹಿಡಿದು ಮುಗಿಸುತ್ತೇನೆ. ಕತ್ತಿ ಹಿಡಿಯುವುದರಲ್ಲಿ ತಪ್ಪಿದೆಯೋ, ಕತ್ತಿಯನ್ನೇ ಬದಲಿಸಬೇಕೋ?

ಉತ್ತರ: ಕತ್ತಿ ಬದಲಿಸಬೇಡಿ. ಕೆನ್ನೆ ನುಣ್ಣಗೆ ಬರುತ್ತಿದೆ ಅಂದ್ರೆ ಅಲಗು ತೀರಾ ಮೊಂಡಾಗಿಲ್ಲ, ಗದ್ದಕ್ಕೂ ಆ ಹರಿತ ಸಾಕೇ ಅನ್ನುವುದನ್ನು ಕೊನೆಗೆ ನೋಡೋಣ. ಕತ್ತಿ ಹಿಡಿದ ಕೈಯೂ ಒಂದು ಮಟ್ಟಿಗೆ ಪಳಗಿದೆ. ನಿಮ್ಮ ಪತ್ರ ಓದಿದರೆ ನನಗೆ ಅನುಮಾನ ಬರುವುದು ಇನ್ನೊಂದು ಕೈ ಮೇಲೆ. ಕತ್ತಿ ಹಿಡಿಯದ ಕೈ ಏನು ಮಾಡುತ್ತಿದೆ ಅಂತ ನೀವು ಒಂದು ಮಾತೂ ಬರೆದಿಲ್ಲ. ಕಷ್ಟದ ಜಾಗಗಳಲ್ಲಿ ಮುಕ್ಕಾಲು ಕೆಲಸ ಆ ಕೈಯದು.

ಕತ್ತಿಯ ಅಲಗು ನೆಟ್ಟಗಿರುತ್ತದೆ. ಮುಖ ನೆಟ್ಟಗಿಲ್ಲ. ಕೆನ್ನೆಯೊಂದೇ ಸ್ವಲ್ಪ ಅಗಲ, ಸ್ವಲ್ಪ ಸಮ. ಅದಕ್ಕೇ ಹೊಸಬರಿಗೂ ಅಲ್ಲಿ ಸಲೀಸು. ಉಳಿದದ್ದೆಲ್ಲ ಒಂದೋ ಉಬ್ಬು, ಒಂದೋ ಏಣು, ಇಲ್ಲಾ ಕುಳಿ. ನೆಟ್ಟಗಿನ ಅಲಗು ಉಬ್ಬನ್ನು ಸುತ್ತಿಕೊಂಡು ಹೋಗುವುದಿಲ್ಲ, ಕುಳಿಯೊಳಗೆ ಇಳಿಯುವುದೂ ಇಲ್ಲ. ಹಾಗಾಗಿ ಚರ್ಮವನ್ನೇ ಎಳೆದು ಸಮ ಮಾಡಿ ಕತ್ತಿಗೆ ಒಪ್ಪಿಸಬೇಕು. ಸಡಿಲ ಚರ್ಮದ ಮೇಲೆ ಕತ್ತಿ ಓಡಿಸುವುದು ಮಡಿಕೆ ಬಿದ್ದ ಅರಿವೆಗೆ ಕತ್ತರಿ ಹಾಕಿದ ಹಾಗೆ. ಮಡಿಕೆ ಎಲ್ಲಿದೆಯೋ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇನ್ನು ಮೇಲೆ ದಾಡಿ ಮಾಡಿಸಲು ಅಂಗಡಿಗೆ ಹೋದರೆ ಕತ್ತಿಯನ್ನು ನೋಡಬೇಡಿ. ಆ ಖಾಲಿ ಕೈಯನ್ನು ನೋಡಿ. ಹೆಬ್ಬೆರಳು ಒಂದು ಕಡೆ, ತೋರುಬೆರಳು, ನಡುಬೆರಳು ಇನ್ನೊಂದು ಕಡೆ. ಕತ್ತಿ ಒಂದು ಬೆರಳಗಲ ಸರಿಯುವ ಮುಂಚೆ ಬೆರಳುಗಳು ಮುಂದಿನ ಜಾಗಕ್ಕೆ ಹೋಗಿ ಚರ್ಮ ಹಿಡಿದಿರುತ್ತವೆ. ನಮ್ಮ ಕಡೆ ಹಡಪದ ಅಪ್ಪಣ್ಣನವರ ಫೋಟೋ ಹಾಕಿದ ಹಳೆಯ ಅಂಗಡಿಗಳಲ್ಲಿ ಕೆಲಸ ಕಲಿಸುವಾಗ ಮೊದಲು ಹುಡುಗರ ಕೈಗೆ ಕತ್ತಿ ಕೊಡುತ್ತಿರಲಿಲ್ಲ. ನೊರೆ ಹಚ್ಚುವುದು, ಚರ್ಮ ಹಿಡಿಯುವುದು ಇಷ್ಟೇ ಮಾಡಿಸುತ್ತಿದ್ದರು. ಆ ಕ್ರಮ ಸರಿಯಾಗಿಯೇ ಇತ್ತು.

ನೊರೆ ಹತ್ತಿದ ಚರ್ಮ ಬೆರಳಿಗೆ ಜಾರುತ್ತದೆ, ಇದು ಎಲ್ಲರ ತಕರಾರು. ಅದಕ್ಕೊಂದು ಉಪಾಯ ಇದೆ. ಪಟಿಕದ ಗಡ್ಡೆಯನ್ನು ಒದ್ದೆ ಮಾಡಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಎಳೆಯುವ ಬೆರಳುಗಳನ್ನು ಅದಕ್ಕೆ ಒಂದು ಸಲ ಒತ್ತಿ, ಆಮೇಲೆ ಚರ್ಮ ಹಿಡಿಯಿರಿ. ಬೆರಳು ಕಚ್ಚಿಕೊಂಡ ಹಾಗೆ ನಿಲ್ಲುತ್ತದೆ. ಪಟಿಕ ಇಲ್ಲದಿದ್ದರೆ ಒಣ ಹತ್ತಿ ಬಟ್ಟೆಯ ಚೂರು ಸಾಕು. ಮತ್ತೆ, ನೊರೆ ಇಲ್ಲದ ಜಾಗದಲ್ಲಿ ಬೆರಳಿಟ್ಟು ಎಳೆಯಿರಿ: ಕಿವಿಯ ಮೇಲ್ಭಾಗ, ಕೊರಳ ಬುಡ, ಈಗಾಗಲೇ ಮುಗಿಸಿದ ಕೆನ್ನೆ. ಬ್ಯಾಡಗಿ ಕಡೆಯ ಓದುಗರಿಗೂ ಇಲ್ಲೇ ಒಂದು ಮಾತು. ಮೆಣಸಿನಕಾಯಿ ಮುಟ್ಟಿದ ಕೈಯನ್ನು ಚೆನ್ನಾಗಿ ಸಾಬೂನು ಹಚ್ಚಿ ತೊಳೆದೇ ದಾಡಿಗೆ ಕೂರಿ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ನಿಜ. ಆದರೆ ಆಗಷ್ಟೇ ಕತ್ತಿ ಓಡಿದ ಚರ್ಮಕ್ಕೆ ಅಷ್ಟು ಖಾರವೂ ಉರಿ ಹಚ್ಚುತ್ತದೆ.

ಎರಡನೆಯ ಮಾತು ಕೂದಲಿನ ದಿಕ್ಕು. ಎರಡು ಮೂರು ದಿನ ದಾಡಿ ಬಿಡಿ. ಆಮೇಲೆ ಕನ್ನಡಿ ಮುಂದೆ ನಿಂತು ಬೆರಳ ತುದಿಯಿಂದ ನಿಧಾನವಾಗಿ ಸವರಿ ನೋಡಿ. ನುಣ್ಣಗೆ ಹೋದರೆ ಅದು ಕೂದಲು ಬೆಳೆಯುವ ದಿಕ್ಕು, ಗರಗರ ಅಂದರೆ ಎದುರು ದಿಕ್ಕು. ಕೆನ್ನೆಯಲ್ಲಿ ಬಹಳ ಜನರಿಗೆ ಮೇಲಿಂದ ಕೆಳಗೆ. ಕೊರಳಲ್ಲಿ ಹಾಗೆ ಹೇಳಲು ಬರುವುದಿಲ್ಲ. ಕಾಲರ್ ಹತ್ತಿರದ ಕೂದಲು ಎಷ್ಟೋ ಜನರಿಗೆ ಕೆಳಗಿನಿಂದ ಮೇಲಕ್ಕೆ ಬೆಳೆದಿರುತ್ತದೆ. ದವಡೆಯ ಕೆಳಗೆ ಅಡ್ಡಕ್ಕೆ, ಕಿವಿಯ ಕಡೆಗೆ ತಿರುಗಿರುತ್ತದೆ. ಗಂಟಲ ಉಬ್ಬಿನ ಪಕ್ಕದಲ್ಲಿ ಕೆಲವರಿಗೆ ಸುಳಿಯೇ ಇರುತ್ತದೆ. ಎಡಗಡೆ ಇದ್ದ ಹಾಗೆ ಬಲಗಡೆ ಇರಬೇಕೆಂದೂ ಇಲ್ಲ. ಒಂದು ಹಾಳೆಯಲ್ಲಿ ಕೊರಳ ಚಿತ್ರ ಬರೆದು ಬಾಣದ ಗುರುತು ಹಾಕಿ. ಇದು ಸುಮ್ನೆ ಹೇಳುತ್ತಿಲ್ಲ. ನಿಮ್ಮ ಕೆಂಪು ಗುಳ್ಳೆಗೆ ಕಾರಣ ಬಹುಶಃ ಆ ಹಾಳೆಯಲ್ಲೇ ಸಿಗುತ್ತದೆ. ಎಲ್ಲರಂತೆ ನೀವೂ ಕೊರಳಲ್ಲಿ ಮೇಲಿಂದ ಕೆಳಗೆ ಎಳೆಯುತ್ತಿರಬಹುದು. ಅಲ್ಲಿನ ಕೂದಲು ಮೇಲಕ್ಕೆ ಬೆಳೆದಿದ್ದರೆ, ಮೊದಲ ಸಲಕ್ಕೇ ನೀವು ಎದುರು ಹೊಡೆದ ಹಾಗಾಯಿತು.

ನೀರಿನ ವಿಷಯಕ್ಕೆ ಬರೋಣ. ಗದಗ ಸೀಮೆಯ ಬೋರ್ ನೀರು ಗಡಸು. ಅದರಲ್ಲಿ ಸಾಬೂನು ನೊರೆ ಕಟ್ಟುವುದಿಲ್ಲ, ಕಟ್ಟಿದರೂ ಎರಡು ನಿಮಿಷದಲ್ಲಿ ಇಳಿದುಹೋಗುತ್ತದೆ. ಕೆನ್ನೆ ಮೇಲೆ ಅದು ಗೊತ್ತಾಗುವುದಿಲ್ಲ, ಗದ್ದದ ಮೇಲೆ ಗೊತ್ತಾಗುತ್ತದೆ. ನಳದಲ್ಲಿ ತುಂಗಭದ್ರಾ ನೀರು ಬಂದಾಗ ಹಿಡಿದಿಟ್ಟಿರುತ್ತೀರಲ್ಲ, ಅದರಲ್ಲಿ ಒಂದು ತಂಬಿಗೆ ದಾಡಿಗೆ ಅಂತ ತೆಗೆದಿಡಿ. ಹುಬ್ಬಳ್ಳಿ-ಧಾರವಾಡದಲ್ಲಿ ನಾವು ಮಲಪ್ರಭಾ ನೀರನ್ನು ಹಾಗೇ ಇಟ್ಟುಕೊಳ್ಳುತ್ತೇವೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಗದ್ದ, ಕೊರಳಿಗೆ ಎರಡು ಮೂರು ನಿಮಿಷ ಸುತ್ತಿ ಇಡಿ. ನೀರು ಹೀರಿಕೊಂಡ ಕೂದಲು ಮೆತ್ತಗಾಗುತ್ತದೆ. ಕತ್ತಿಗೆ ಅರ್ಧ ಶ್ರಮ ಉಳಿಯುತ್ತದೆ.

ನೊರೆಯ ಬಗ್ಗೆ ಯಾರೂ ಹೇಳದ ಒಂದು ವಿಷಯ. ಮನೆಯಲ್ಲಿ ಮಾಡಿಕೊಳ್ಳುವವರು ಒಂದೇ ಸಲ ಇಡೀ ಮುಖಕ್ಕೆ ನೊರೆ ಬಳಿದು ಕೆನ್ನೆಯಿಂದ ಶುರು ಮಾಡುತ್ತಾರೆ. ಕೊರಳಿಗೆ ಬರುವ ಹೊತ್ತಿಗೆ ಏಳೆಂಟು ನಿಮಿಷ ಆಗಿರುತ್ತದೆ. ಗದಗದ ಒಣ ಗಾಳಿಗೆ ಅಷ್ಟರಲ್ಲಿ ನೊರೆ ಒಣಗಿ ಬರೀ ಬಿಳಿ ಪುಡಿ ಉಳಿದಿರುತ್ತದೆ. ಅಂದ್ರೆ ಅತಿ ಕಷ್ಟದ ಜಾಗಕ್ಕೆ ಅತಿ ಕೆಟ್ಟ ನೊರೆ! ಪ್ರತಿ ಕಷ್ಟದ ಜಾಗಕ್ಕೂ ಕತ್ತಿ ಇಡುವ ಮುಂಚೆ ಬ್ರಷ್‌ನಿಂದ ಹೊಸ ನೊರೆ ಹಚ್ಚಿ. ಬ್ರಷ್ ತಲೆಕೆಳಗೆ ಹಿಡಿದರೂ ನೊರೆ ಬೀಳಬಾರದು, ಬೆರಳಿಗೆ ಹಚ್ಚಿಕೊಂಡರೆ ಜಾರಬೇಕು. ಅದೇ ಅಳತೆ.

ಈಗ ಕತ್ತಿಗೆ ಬರೋಣ. ಕತ್ತಿಯ ಬೆನ್ನು ಚರ್ಮದಿಂದ ಸುಮಾರು 30 ಡಿಗ್ರಿ ಎದ್ದಿರಬೇಕು ಅಂತ ನೀವು ಕೇಳಿರುತ್ತೀರಿ. ಕೆನ್ನೆ ಮೇಲೆ ಆ ಓರೆ ತಾನಾಗೇ ಉಳಿಯುತ್ತದೆ. ಗದ್ದದಂಥ ಉಬ್ಬಿನ ಮೇಲೆ ಉಳಿಯುವುದಿಲ್ಲ. ಕೈ ಹೋದ ದಾರಿಯಲ್ಲೇ ನೆಟ್ಟಗೆ ಹೋಗುತ್ತಿರುತ್ತದೆ, ಅಷ್ಟರಲ್ಲಿ ಕೆಳಗಿನ ಚರ್ಮ ತಿರುಗಿಬಿಟ್ಟಿರುತ್ತದೆ. 30 ಡಿಗ್ರಿಯ ಓರೆ ಕೆಟ್ಟುಹೋಗುತ್ತದೆ. ಆಗ ಅಲಗು ಕೂದಲು ಕತ್ತರಿಸುವ ಬದಲು ಚರ್ಮ ಕೆರೆಯುತ್ತದೆ. ಅದಕ್ಕೇ ಉಬ್ಬಿನ ಮೇಲೆ ಉದ್ದ ಎಳೆತ ಬೇಡ. ಒಂದು ಸೆಂಟಿಮೀಟರ್ ಎಳೆಯಿರಿ, ಎತ್ತಿ, ಓರೆ ನೋಡಿ ಮತ್ತೆ ಇಡಿ. ಕತ್ತಿಯ ತೂಕವೇ ಸಾಕು, ಒತ್ತುವುದು ಬೇಡವೇ ಬೇಡ. ಇನ್ನೊಂದು, ಅಲಗು ಚರ್ಮದ ಮೇಲಿರುವಾಗ ಉದ್ದುದ್ದಕ್ಕೆ ಜಾರಬಾರದು. ತರಕಾರಿ ಹೆಚ್ಚುವಾಗ ಚಾಕು ಹಿಂದೆ ಮುಂದೆ ಆಡುತ್ತದಲ್ಲ, ಆ ಚಲನೆ ಎಷ್ಟು ಸಣ್ಣದಿದ್ದರೂ ಗಾಯವೇ.

ದವಡೆಯ ಅಂಚಿನಿಂದ ಶುರು ಮಾಡೋಣ. ಅಲ್ಲಿ ರಕ್ತ ಬರುವುದಕ್ಕೆ ಕಾರಣ ಹೆಚ್ಚಾಗಿ ಒಂದೇ. ಕೆನ್ನೆಯಿಂದ ಹೊರಟ ಕತ್ತಿಯನ್ನು ನಿಲ್ಲಿಸದೆ, ಮೂಳೆಯ ಏಣು ದಾಟಿಸಿ, ಕೊರಳಿಗೆ ಇಳಿಸುತ್ತೀರಿ. ಹಾಗೆ ಮಾಡಬೇಡಿ. ತಲೆಯನ್ನು ಇನ್ನೊಂದು ಬದಿಗೆ ವಾಲಿಸಿ, ಕಿವಿಯ ಮುಂದೆ ಬೆರಳಿಟ್ಟು ಕೆನ್ನೆಯ ಚರ್ಮವನ್ನು ಮೇಲಕ್ಕೆ ಎಳೆಯಿರಿ. ಏಣಿನ ಕೆಳಗಿದ್ದ ಚರ್ಮ ಏಣಿನ ಮೇಲಕ್ಕೆ, ಸಮ ಜಾಗಕ್ಕೆ ಬರುತ್ತದೆ. ಅಲ್ಲೇ ಅದನ್ನು ಮಾಡಿ ಮುಗಿಸಿ. ಆಮೇಲೆ ಗದ್ದ ಎತ್ತಿ, ಕೊರಳ ಚರ್ಮವನ್ನು ಕೆಳಕ್ಕೆ ಎಳೆದು, ಏಣಿನ ಕೆಳಗಿನಿಂದ ಬೇರೆಯೇ ಎಳೆತ ಶುರು ಮಾಡಿ. ಏಣನ್ನು ಕತ್ತಿ ದಾಟಬಾರದು, ಚರ್ಮ ದಾಟಬೇಕು.

ಗದ್ದ ಎಲ್ಲಕ್ಕಿಂತ ಹಟಮಾರಿ. ಮುಖದ ಕೂದಲಲ್ಲಿ ಅಲ್ಲಿಯದೇ ದಪ್ಪ, ಅಲ್ಲಿಯದೇ ದಟ್ಟ. ನಾನು ಗದ್ದವನ್ನು ಒಂದೇ ಜಾಗ ಅಂತ ಎಣಿಸುವುದಿಲ್ಲ. ಎದುರು, ಎರಡು ಪಕ್ಕ, ಕೆಳಗೆ, ಮತ್ತೆ ಕೆಳತುಟಿಯ ಅಡಿಯ ಕುಳಿ. ಇವಕ್ಕೆ ಒಂದೊಂದಕ್ಕೂ ಒಂದೊಂದು ಹಿಡಿತ.

ಎದುರು ಭಾಗಕ್ಕೆ ಕೆಳತುಟಿಯನ್ನು ಕೆಳಗಿನ ಹಲ್ಲಿನ ಮೇಲೆ ಒಳಕ್ಕೆ ಎಳೆದುಕೊಳ್ಳಿ. ಗದ್ದ ಚಪ್ಪಟೆಯಾಗಿ ಬಿಗಿಯುತ್ತದೆ, ತುಟಿಯ ಅಡಿಯ ಕುಳಿಯೂ ಬಹುಪಾಲು ಮೇಲೆದ್ದು ಬರುತ್ತದೆ. ಬೆರಳಿಂದ ಗದ್ದದ ತುದಿಯನ್ನು ಸ್ವಲ್ಪ ಕೆಳಕ್ಕೆ ಹಿಡಿಯಿರಿ. ಕತ್ತಿಯ ನಡುಭಾಗವನ್ನು ಇಟ್ಟು, ಚಿಕ್ಕ ಚಿಕ್ಕ ಎಳೆತದಲ್ಲಿ ಕೆಳಗೆ ಬನ್ನಿ. ಮಧ್ಯದಲ್ಲಿ ಕತ್ತಿ ಕೂದಲಿಗೆ ಸಿಕ್ಕಿ ನಿಂತುಬಿಟ್ಟಿತು ಅನ್ನಿ. ಬಹಳ ಜನ ಇಲ್ಲೇ ಒತ್ತುತ್ತಾರೆ. ಒತ್ತಿದರೆ ಕತ್ತಿ ಕೂದಲನ್ನು ಬಿಟ್ಟು ಒಮ್ಮೆಲೇ ಹಾರಿ ಚರ್ಮಕ್ಕೆ ಹೋಗುತ್ತದೆ. ಒತ್ತದೆ, ಹಿಂದಕ್ಕೂ ಎಳೆಯದೆ, ನೇರ ಮೇಲೆತ್ತಿ. ಹೊಸ ನೊರೆ ಹಚ್ಚಿ. ಕತ್ತಿಯ ಬೆನ್ನನ್ನು ಚರ್ಮಕ್ಕೆ ಇನ್ನೊಂದಿಷ್ಟು ಹತ್ತಿರ ಮಲಗಿಸಿ, ಸ್ವಲ್ಪ ಮೇಲಿಂದ ಮತ್ತೆ ಬನ್ನಿ. ಹಾಗೂ ಸಿಕ್ಕಿಕೊಂಡರೆ ತಪ್ಪು ಕೈಯದಲ್ಲ, ಅಲಗಿನದು. ಅದನ್ನು ಕೊನೆಗೆ ಹೇಳುತ್ತೇನೆ.

ಪಕ್ಕಗಳಿಗೆ ನಾಲಿಗೆ ಬಳಸಿ. ಬಾಯಿ ಮುಚ್ಚಿ, ತುಟಿಯ ಮೂಲೆಯ ಕೆಳಗೆ ಒಳಗಿನಿಂದ ನಾಲಿಗೆ ಒತ್ತಿದರೆ ಅಲ್ಲಿಯ ತಗ್ಗು ತುಂಬಿಕೊಳ್ಳುತ್ತದೆ. ಹೊರಗಿನಿಂದ ಬೆರಳು ಚರ್ಮವನ್ನು ಕಿವಿಯ ಕಡೆಗೆ ಎಳೆಯಲಿ. ಗದ್ದದ ಕೆಳಗಿನ ಭಾಗಕ್ಕೆ ಮುಖ ಮೇಲೆತ್ತಿ, ಹೆಬ್ಬೆರಳಲ್ಲಿ ಕೊರಳ ಚರ್ಮ ಕೆಳಕ್ಕೆ ಎಳೆಯಿರಿ. ದಿಕ್ಕನ್ನು ನೀವು ಬರೆದ ಹಾಳೆ ಹೇಳುತ್ತದೆ. ತುಟಿಯ ಅಡಿಯ ಕುಳಿಯಲ್ಲಿ ಕಡೆಗೆ ಉಳಿದ ನಾಲ್ಕು ಕೂದಲಿಗೆ ಹಟ ಹಿಡಿಯಬೇಡಿ. ಅಲ್ಲಿ ಅಡ್ಡಕ್ಕೆ, ಒಂದು ಪಕ್ಕದಿಂದ ನಡುವಿನವರೆಗೆ, ಆಮೇಲೆ ಇನ್ನೊಂದು ಪಕ್ಕದಿಂದ ನಡುವಿನವರೆಗೆ ಬಂದರೆ ಸಾಕಷ್ಟು ಸ್ವಚ್ಛವಾಗುತ್ತದೆ.

ಗಂಟಲ ಉಬ್ಬಿನ ವಿಷಯದಲ್ಲಿ ನನ್ನ ಮಾತು ಖಂಡಿತ. ಉಬ್ಬಿನ ಮೇಲೆ ಕತ್ತಿ ಇಡಬೇಡಿ. ಉಬ್ಬಿನ ಮೇಲಿನ ಚರ್ಮವನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ. ಕೊರಳ ಚರ್ಮ ಸಡಿಲ, ಒಳಗಿನ ಗಂಟಿಗೆ ಅಂಟಿಕೊಂಡಿಲ್ಲ. ಎರಡು ಬೆರಳಿಟ್ಟು ಎಡಕ್ಕೆ ಸರಿಸಿದರೆ ಉಬ್ಬಿನ ಮೇಲಿದ್ದ ಚರ್ಮ ಎಡಗಡೆಯ ಸಮ ಜಾಗಕ್ಕೆ ಬಂದು ಕೂರುತ್ತದೆ. ಅದನ್ನು ಅಲ್ಲಿ ಮಾಡಿ. ಆಮೇಲೆ ಬಲಕ್ಕೆ ಸರಿಸಿ ಉಳಿದದ್ದನ್ನು ಮಾಡಿ. ಇನ್ನೊಂದು ದಾರಿ, ಉಗುಳು ನುಂಗಿ ಅರ್ಧದಲ್ಲಿ ತಡೆದು ಹಿಡಿಯುವುದು. ಉಬ್ಬು ಮೇಲೆ ಸರಿದು ಕೆಳಗಿನ ಜಾಗ ಖಾಲಿಯಾಗುತ್ತದೆ. ಆದರೆ ಹಿಡಿದದ್ದು ಯಾವಾಗ ಬಿಟ್ಟುಹೋಗುತ್ತದೋ ಹೇಳಲಾಗದು, ಕತ್ತಿ ಚರ್ಮದ ಮೇಲಿರುವಾಗಲೇ ಉಬ್ಬು ಕೆಳಗಿಳಿದರೆ ಗಾಯ. ಅದಕ್ಕೇ ನಾನು ಪಕ್ಕಕ್ಕೆ ಸರಿಸುವುದನ್ನೇ ಹೇಳುತ್ತೇನೆ. ಆ ಹೊತ್ತಿಗೆ ಮನೆಯವರು ಯಾರಾದರೂ ಕರೆದರೆ ಓ ಅನ್ನಬೇಡಿ. ಮೊದಲು ಕತ್ತಿ ಎತ್ತಿ, ಆಮೇಲೆ ಮಾತು.

ಕೊರಳಲ್ಲಿ ಚರ್ಮವನ್ನು ಎಷ್ಟು ಎಳೆಯಬೇಕು ಅನ್ನುವುದಕ್ಕೆ ಒಂದು ಮಿತಿ ಇದೆ. ಗದ್ದದ ಮೇಲೆ ಎಷ್ಟು ಬಿಗಿ ಹಿಡಿದರೂ ನಡೆಯುತ್ತದೆ. ಕೊರಳಲ್ಲಿ ಮಡಿಕೆ ಹೋಗುವಷ್ಟು ಸಾಕು. ಜಾಸ್ತಿ ಎಳೆದರೆ ಕೂದಲು ತನ್ನ ಗೂಡಿನಿಂದ ಸ್ವಲ್ಪ ಹೊರಗೆ ಬರುತ್ತದೆ, ಕತ್ತಿ ಅದನ್ನು ಕತ್ತರಿಸುತ್ತದೆ, ಚರ್ಮ ಬಿಟ್ಟಾಗ ಕೂದಲಿನ ತುದಿ ಚರ್ಮದ ಒಳಗೇ ಹೋಗಿ ಕೂರುತ್ತದೆ. ಗುಂಗುರು ಕೂದಲಾದರೆ ಅದು ಹೊರಗೆ ಬರುವ ದಾರಿ ತಪ್ಪಿ ಒಳಗೇ ಬೆಳೆಯುತ್ತದೆ. ನಿಮ್ಮ ಕೆಂಪು ಗುಳ್ಳೆ ಅದೇ ಇರಬೇಕು. ಎದುರು ದಿಕ್ಕಿಗೆ ಹೊಡೆದರೂ ಇದೇ ಆಗುತ್ತದೆ, ಒಂದೇ ಜಾಗದ ಮೇಲೆ ಮೂರು ನಾಲ್ಕು ಸಲ ಓಡಿಸಿದರೂ ಇದೇ. ಗುಳ್ಳೆ ಇಳಿಯುವವರೆಗೆ ಕೊರಳಿಗೆ ಕತ್ತಿ ಇಡಲೇಬೇಡಿ, ಟ್ರಿಮ್ಮರ್ ಹಿಡಿದು ಬಿಡಿ. ಆಮೇಲೂ ಕೂದಲಿನ ದಿಕ್ಕಿಗೆ ಒಂದೇ ಸಲ. ಸ್ವಲ್ಪ ಗರಗರ ಉಳಿದರೆ ಉಳಿಯಲಿ. ಗುಳ್ಳೆಯಲ್ಲಿ ಕೀವು ತುಂಬಿದರೆ, ಹರಡಿದರೆ ಚರ್ಮದ ಡಾಕ್ಟರಿಗೆ ತೋರಿಸಿ. ಸೂಜಿ, ಚಿಮಟದಿಂದ ಕೆದಕುವುದು ಬೇಡ.

ಮೂಗಿನ ಕೆಳಗಿನ ಜಾಗಕ್ಕೆ ಬರುವ ಮುಂಚೆ ನಿಮ್ಮ ಕತ್ತಿಯ ಮೂತಿ ನೋಡಿ. ಕೆಲವು ಕತ್ತಿಗಳ ತುದಿ ಗುಂಡಗಿರುತ್ತದೆ, ಕೆಲವದ್ದು ಚೌಕವಾಗಿ ಚೂಪು ಮೂಲೆ ಇರುತ್ತದೆ. ಚೌಕ ತುದಿ ಮೀಸೆಯ ಅಂಚು ಗೆರೆ ಹೊಡೆದ ಹಾಗೆ ತೆಗೆಯಲು ಬಹಳ ಒಳ್ಳೆಯದು. ಆದರೆ ಹೊಸ ಕೈಗೆ ಆ ಮೂಲೆಯೇ ಶತ್ರು. ಕಿವಿ, ಮೂಗಿನ ಹೊಳ್ಳೆ ಇಲ್ಲೆಲ್ಲ ಚುಚ್ಚುವುದು ಅದೇ. ಹಾಗಿದ್ದರೆ ಸಾಣೆ ಹಿಡಿಯುವವರ ಹತ್ತಿರ ಆ ಮೂಲೆಯನ್ನು ಮಾತ್ರ ಕೂದಲೆಳೆಯಷ್ಟು ಮೊಂಡು ಮಾಡಿಸಿ. ಕತ್ತಿಯ ಅಗಲವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇವನ್ನು ಇಂಚಿನ ಎಂಟನೇ ಒಂದು ಭಾಗದ ಅಳತೆಯಲ್ಲಿ ಹೇಳುತ್ತಾರೆ. 5/8 ಅಂದ್ರೆ ಸುಮಾರು 16 ಮಿಲಿಮೀಟರ್, 6/8 ಅಂದ್ರೆ 19. ಅಗಲದ ಕತ್ತಿ ಕೆನ್ನೆ ಮೇಲೆ ಸೊಗಸು. ಮೂಗಿನ ಕೆಳಗೆ ಅದರ ಬೆನ್ನು ಮೂಗಿಗೆ ತಾಗುತ್ತದೆ. ನಿಮ್ಮಜ್ಜನ ಕತ್ತಿ 5/8 ಇದ್ದರೆ ನಿಮಗೆ ಅನುಕೂಲ. ಅದರ ಬುಡದಲ್ಲಿ ಸೋಲಿಂಗನ್ ಅಥವಾ ಶೆಫೀಲ್ಡ್ ಅಂತ ಅಚ್ಚು ಇದೆಯಾ ಅಂತಲೂ ನೋಡಿ. ಒಂದು ಜರ್ಮನಿಯ ಊರು, ಇನ್ನೊಂದು ಇಂಗ್ಲೆಂಡಿನದು. ಎರಡೂ ಕತ್ತಿ, ಚಾಕುಗಳಿಗೆ ಹೆಸರಾದ ಊರುಗಳು. ಅಚ್ಚು ಇದ್ದರೆ ಆ ಕತ್ತಿಯನ್ನು ಜೋಪಾನ ಮಾಡಿ.

ಮೀಸೆ ಬಿಡುವವರಾದರೆ ತುಟಿಯ ಅಂಚಿನ ಗೆರೆ ಒಂದೇ ಕೆಲಸ. ಅದನ್ನು ಸಣ್ಣ ಕತ್ತರಿಯಲ್ಲಿ ಮಾಡಿದರೂ ಆಯಿತು. ಪೂರ್ತಿ ತೆಗೆಯುವವರಾದರೆ, ಮೇಲ್ತುಟಿಯನ್ನು ಮೇಲಿನ ಹಲ್ಲಿನ ಮೇಲೆ ಕೆಳಕ್ಕೆ ಎಳೆದುಕೊಳ್ಳಿ. ಖಾಲಿ ಕೈಯ ಬೆರಳಿಂದ ಮೂಗಿನ ತುದಿಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿ. ಎಡ ಭಾಗ ಮಾಡುವಾಗ ಮೂಗು ಬಲಕ್ಕೆ, ಬಲ ಭಾಗ ಮಾಡುವಾಗ ಎಡಕ್ಕೆ. ಅಲಗಿನ ತುದಿ ಕಡೆಯ ಮೂರನೇ ಒಂದು ಭಾಗವನ್ನು ಬಳಸಿ, ಆದರೆ ಮೂಲೆ ತಾಗಬಾರದು. ಇಲ್ಲಿ ಮಾತ್ರ ಕತ್ತಿಯ ಬೆನ್ನು 30 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಎತ್ತಬೇಕಾಗುತ್ತದೆ, ಜಾಗವೇ ಅಷ್ಟಿದೆ. ಹಾಗಾಗಿ ಎಳೆತ ಇನ್ನೂ ಚಿಕ್ಕದಿರಲಿ, ಕೈ ಇನ್ನೂ ಹಗುರ ಇರಲಿ. ಹೊಳ್ಳೆಯ ಕೆಳಗೆ ಇಟ್ಟು, ನಾಲ್ಕೈದು ಮಿಲಿಮೀಟರ್ ಕೆಳಗೆ ಬಂದು, ಎತ್ತಿ. ತುಟಿಯ ಕೆಂಪು ಶುರುವಾಗುವ ಮುಂಚೆಯೇ ನಿಲ್ಲಿಸಿ. ತುಟಿಯ ಅಂಚಿನ ಚರ್ಮ ತೆಳು, ಗಾಯವಾದರೆ ಮಾತಾಡಿದಾಗಲೆಲ್ಲ ಬಿಚ್ಚಿಕೊಳ್ಳುತ್ತದೆ. ನಡುವಿನ ಸಣ್ಣ ತೋಡಿಗೆ ಎರಡೂ ಪಕ್ಕದಿಂದ ಸ್ವಲ್ಪ ಓರೆಯಾಗಿ ಬನ್ನಿ. ಇಲ್ಲಿ ಕೆಳಗಿನಿಂದ ಮೇಲಕ್ಕೆ ಎಳೆಯುವುದನ್ನು ಯಾರು ಹೇಳಿಕೊಟ್ಟರೂ ಸದ್ಯಕ್ಕೆ ಮಾಡಬೇಡಿ.

ಕಿವಿಯ ಹತ್ತಿರ ಅಷ್ಟೇನೂ ಕಷ್ಟವಿಲ್ಲ. ಕಿವಿಯ ಹಾಲೆಯನ್ನು ಬೆರಳಿಂದ ಹಿಂದಕ್ಕೆ ಮಡಚಿ ಹಿಡಿದರೆ ಆಯಿತು. ಮಚ್ಚೆ ಇದ್ದರೆ ಅದರ ಸುತ್ತ ಬಳಸಿ ಹೋಗಿ, ಮೇಲೆ ಹೋಗಬೇಡಿ. ಹಳೆಯ ಗಾಯದ ಗುರುತಿನ ಮೇಲೆ ಗುರುತಿನ ಉದ್ದಕ್ಕೆ ಬನ್ನಿ, ಅಡ್ಡ ಬೇಡ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದಿದ್ದರೂ ಇನ್ನೊಂದು ಜಾಗದ ಬಗ್ಗೆ ಹೇಳುತ್ತೇನೆ. ಮನೆಯಲ್ಲಿ ಅಜ್ಜಂದಿರಿಗೆ ದಾಡಿ ಮಾಡುವವರು ಇದನ್ನು ತಿಳಿದಿರಬೇಕು. ಹಲ್ಲು ಹೋದ ಮೇಲೆ ಕೆನ್ನೆ ಒಳಕ್ಕೆ ಕುಸಿದಿರುತ್ತದೆ, ಚರ್ಮ ಜೋತಿರುತ್ತದೆ. ಹಾವೇರಿ ಕಡೆಯ ಸಂತೆಯಲ್ಲಿ ಮರದ ಕೆಳಗೆ ಎದುರುಬದುರು ಕೂತು ದಾಡಿ ಮಾಡುತ್ತಿದ್ದ ಹಿರಿಯರೊಬ್ಬರ ಕೈ ನನ್ನ ಕಣ್ಣಿಗೆ ಕಟ್ಟಿದೆ. ಎದುರಿಗೆ ಕೂತ ಮುದುಕರ ಬಾಯಲ್ಲಿ ಒಂದೂ ಹಲ್ಲಿಲ್ಲ. "ಗಾಳಿ ತುಂಬ್ರಿ ಅಜ್ಜಾರ" ಅಂದರು. ಅಜ್ಜ ಕೆನ್ನೆ ಉಬ್ಬಿಸಿದರು. ಇವರು ಮೂರು ಚಿಕ್ಕ ಎಳೆತ ಎಳೆದು ಕತ್ತಿ ಎತ್ತಿದರು. "ಬಿಡ್ರಿ" ಅಂದರು. ಅಜ್ಜ ಉಸಿರು ಬಿಟ್ಟು ಮತ್ತೆ ತುಂಬಿಕೊಂಡರು. ಉಸಿರು ಹಿಡಿಯಲು ವಯಸ್ಸಾದವರಿಗೆ ಆಗುವಷ್ಟೇ ಹೊತ್ತು ಕತ್ತಿ ಆಡುತ್ತಿತ್ತು. ಸಾಬೂನಿಲ್ಲ, ಬರೀ ನೀರು ತಿಕ್ಕಿ ತಿಕ್ಕಿ ಕೂದಲು ನೆನೆಸಿದ್ದರು. ಒಂದು ಗೀರೂ ಬೀಳಲಿಲ್ಲ. ಕೆನ್ನೆ ಉಬ್ಬಿಸಲು ಆಗದವರಿಗೆ ಕಿವಿಯ ಹತ್ತಿರದಿಂದ ಚರ್ಮವನ್ನು ಹಿಂದಕ್ಕೆ, ಮೇಲಕ್ಕೆ ಎಳೆದು ಮಾಡಬೇಕು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವ ಹಿರಿಯರಿಗೆ ಮಾತ್ರ ಕತ್ತಿ ಬೇಡ, ಎಲೆಕ್ಟ್ರಿಕ್ ಮಷೀನ್ ಒಳ್ಳೆಯದು.

ಈಗ ಅಂಗಡಿಗಳಲ್ಲಿ ನೀವು ನೋಡುವುದು ಬೇರೆ ಸಾಧನ. ಬ್ಲೇಡನ್ನು ಕಾಗದದಲ್ಲೇ ಮುರಿದು, ಅರ್ಧವನ್ನು ಹಿಡಿಕೆಗೆ ಸಿಕ್ಕಿಸುತ್ತಾರೆ. ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗಿಲ್ಲ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಇವೆಲ್ಲ ರಕ್ತದಿಂದ ಹರಡುವ ರೋಗಗಳು. ಅದಕ್ಕೇ ನಾವು ಕ್ಷೌರಿಕರು ಗಿರಾಕಿಯ ಕಣ್ಣ ಮುಂದೆ ಹೊಸ ಬ್ಲೇಡ್ ಮುರಿಯುತ್ತೇವೆ. ನೀವೂ ನಿಮ್ಮ ಕತ್ತಿಯನ್ನು ಅಣ್ಣ ತಮ್ಮಂದಿರಿಗೂ ಕೊಡಬೇಡಿ. ಕಲಿಯಲು ಅರ್ಧ ಬ್ಲೇಡಿನ ಸಾಧನ ಸುಲಭ ಅಂತ ಕೆಲವರು ಹೇಳುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಅದು ಹಗುರ, ಅಲಗು ಗಡಸು, ಮೂಲೆಗಳು ಚೂಪು. ಚರ್ಮಕ್ಕೆ ತಾಗಿದ್ದು ಕೈಗೆ ತಿಳಿಯುವ ಮುಂಚೆ ರಕ್ತ ಬಂದಿರುತ್ತದೆ. ಅಜ್ಜನ ಕತ್ತಿಗೆ ತೂಕ ಇದೆ, ಕೂದಲು ಕತ್ತರಿಸುವ ಸದ್ದೂ ಕೇಳುತ್ತದೆ. ಚರಚರ ಸದ್ದು ಒಂದೇ ಸಮನೆ ಬರುತ್ತಿದ್ದರೆ ಓರೆ ಸರಿ ಇದೆ. ಸದ್ದು ನಿಂತರೆ ನೀವು ನೊರೆ ತೆಗೆಯುತ್ತಿದ್ದೀರಿ, ಕೂದಲನ್ನಲ್ಲ.

ಕೈ ಬದಲಿಸುವ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದೆ ಕೇಳುತ್ತೀರಿ. ಎಡಗಡೆಗೆ ಎಡಗೈಯಲ್ಲಿ ಕತ್ತಿ ಹಿಡಿಯಬೇಕೆಂಬ ಕಟ್ಟುಪಾಡು ಇಲ್ಲ. ಎಡಗೈಗೆ ಕೆನ್ನೆ ಮೇಲೆ ಅಭ್ಯಾಸ ಆಗುವವರೆಗೆ ಗದ್ದ, ಗಂಟಲಿಗೆ ಅದನ್ನು ತರಬೇಡಿ. ಬಲಗೈಯನ್ನೇ ಮುಖದ ಅಡ್ಡಕ್ಕೆ ತಂದು ಮಾಡಿ, ಎಡಗೈ ಚರ್ಮ ಹಿಡಿಯಲಿ.

ಗಾಯವಾದರೆ ತಣ್ಣೀರು ಹಾಕಿ, ಪಟಿಕದ ಗಡ್ಡೆಯನ್ನು ಒದ್ದೆ ಮಾಡಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಸಣ್ಣ ಗೀರಿಗೆ ಅಷ್ಟು ಸಾಕು. ಆಳವಾದ ಗಾಯಕ್ಕೆ ಸ್ವಚ್ಛ ಬಟ್ಟೆ ಒತ್ತಿ ಹಿಡಿದು ಡಾಕ್ಟರ ಹತ್ತಿರ ಹೋಗಿ.

ಅಲಗಿನ ಮಾತು ಬಾಕಿ ಇತ್ತಲ್ಲ. ಕೆನ್ನೆಯ ಕೂದಲು ಮೊಂಡು ಕತ್ತಿಗೂ ಮಣಿಯುತ್ತದೆ, ಗದ್ದದ ಕೂದಲು ಮಣಿಯುವುದಿಲ್ಲ. ಹಾಗಾಗಿ ಹರಿತ ಪರೀಕ್ಷೆಗೆ ಗದ್ದವೇ ಸರಿಯಾದ ಜಾಗ. ಚರ್ಮ ಬಿಗಿ ಇದೆ, ನೊರೆ ಹೊಸದು, ಓರೆಯೂ ಸರಿ, ಆದರೂ ಎಳೆದಾಗ ಕಿತ್ತ ಹಾಗೆ ಆಗುತ್ತದೆ ಅಂದರೆ ಮೊದಲು ಪಟ್ಟಿಗೆ ತಿಕ್ಕುವುದನ್ನು ಸರಿಪಡಿಸಿ. ಪ್ರತಿ ದಾಡಿಗೂ ಮುಂಚೆ ಚರ್ಮದ ಪಟ್ಟಿಯ ಮೇಲೆ ಹೋಗಿ ಬಂದು 50 ಸಲ. ಬೆನ್ನು ಮುಂದೆ, ಅಲಗು ಹಿಂದೆ. ತುದಿಗೆ ಬಂದಾಗ ಬೆನ್ನಿನ ಮೇಲೇ ಹೊರಳಿಸಬೇಕು, ಬೆನ್ನು ಪಟ್ಟಿಯನ್ನು ಬಿಟ್ಟು ಏಳಬಾರದು. ಪಟ್ಟಿ ಜೋತು ಬೀಳಬಾರದು, ಜೋತರೆ ಅಲಗಿನ ಬಾಯಿ ಗುಂಡಾಗುತ್ತದೆ. ಇಷ್ಟಾದರೂ ಎಳೆದರೆ ಸಾಣೆಕಲ್ಲು ಬೇಕು. 8000 ಗ್ರಿಟ್ ಕಲ್ಲು, ಆಮೇಲೆ 12000; ಗ್ರಿಟ್ ಅಂದ್ರೆ ಕಲ್ಲಿನ ನುಣುಪಿನ ಅಳತೆ, ಅಂಕಿ ಜಾಸ್ತಿಯಾದಷ್ಟೂ ಕಲ್ಲು ನುಣುಪು. ಇದನ್ನು ತಿಳಿದವರ ಕೈಯಲ್ಲೇ ಮಾಡಿಸಿ. ಚಾಕು, ಕತ್ತರಿಗೆ ಚಕ್ರದಲ್ಲಿ ಸಾಣೆ ಹಿಡಿಯುವವರ ಹತ್ತಿರ ಬೇಡ, ಚಕ್ರದ ಕಾವಿಗೆ ಆ ತೆಳು ಉಕ್ಕಿನ ಹದ ಹಾಳಾಗುತ್ತದೆ. ಮುಗಿದ ಮೇಲೆ ಕತ್ತಿಯನ್ನು ಒಣ ಬಟ್ಟೆಯಲ್ಲಿ ಬೆನ್ನಿನಿಂದ ಅಲಗಿನ ಕಡೆಗೆ ಒರೆಸಿ, ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಸವರಿಡಿ. ಬೋರ್ ನೀರಿನ ಹನಿ ಅಲಗಿನ ಮೇಲೆ ಒಣಗಿದರೆ ಬಿಳಿ ಕಲೆಯೂ ಉಳಿಯುತ್ತದೆ, ತುಕ್ಕೂ ಹಿಡಿಯುತ್ತದೆ.

ಇನ್ನು ಮುಂದಿನ ವಾರಗಳಲ್ಲಿ ಹೀಗೆ ಮಾಡಿ. ಸದ್ಯ ಕತ್ತಿಯಲ್ಲಿ ಕೆನ್ನೆ, ದವಡೆ ಇಷ್ಟೇ. ದವಡೆಯ ಅಂಚಿನಲ್ಲಿ ಸತತ ಹತ್ತು ಸಲ ರಕ್ತ ಬರಲಿಲ್ಲ ಅಂದರೆ ಗದ್ದಕ್ಕೆ ಹೋಗಿ. ಕೊರಳ ಗುಳ್ಳೆ ಪೂರ್ತಿ ಇಳಿದ ಮೇಲೆ ಕೊರಳು. ಮೂಗಿನ ಕೆಳಗೆ ಎಲ್ಲಕ್ಕಿಂತ ಕಡೆಗೆ, ಅಲ್ಲಿಯವರೆಗೆ ಆ ಪ್ಲಾಸ್ಟಿಕ್ ರೇಜರ್ ಇರಲಿ. ನಡುವೆ ಒಮ್ಮೆ, ಮಂಗಳವಾರ ಬಿಟ್ಟು ಯಾವತ್ತಾದರೂ, ಗದಗದಲ್ಲೇ ಹಿರಿಯ ಕ್ಷೌರಿಕರೊಬ್ಬರ ಅಂಗಡಿಗೆ ಹೋಗಿ ದಾಡಿ ಮಾಡಿಸಿಕೊಳ್ಳಿ. ಗಿರಾಕಿಗಳ ಗದ್ದಲ ಇಲ್ಲದ ಮಧ್ಯಾಹ್ನದ ಹೊತ್ತು ನೋಡಿಕೊಂಡು ಹೋಗಿ. ಗಂಟಲ ಹತ್ತಿರ ಬಂದಾಗ ಸ್ವಲ್ಪ ನಿಧಾನ ಮಾಡಿ ಅಂತ ಕೇಳಿ. ಅವರ ಎಡಗೈ ಬೆರಳುಗಳು ಎಲ್ಲಿ ಕೂತವು, ಯಾವ ಕಡೆ ಎಳೆದವು ಅನ್ನುವುದನ್ನು ನಿಮ್ಮ ಚರ್ಮದ ಮೇಲೇ ಗುರುತು ಇಟ್ಟುಕೊಂಡು ಬನ್ನಿ.